ದಣಿದಿದ್ದೀಯಾ ಎನ್ನುವ ಫೋರ್‌ಮ್ಯಾನ್

ಉಮ್ಮ್ ಸಲಾಲ್, 14-8-2006

ಅಕ್ಕನಿಗೆ ದೂಮಪ್ಪನ ನಮಸ್ಕಾರ. ಇಲ್ಲಿ ಗಲ್ಫಿನ ಸೆಕೆಗೆ ಬರೆಯಲೂ ಬೇಸರ. ನಮ್ಮ ಕಟ್ಟಡ ಕೆಲಸದ ಹೊಸ ಫೋರ್‌ಮ್ಯಾನ್ ಅಗಿಮ್ ಅಲ್ಬೇನಿಯಾದವನು. ಅವನ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಇಲ್ಲ. ಬೆಳಿಗ್ಗೆ ಕಂಡ ಕೂಡಲೇ "ಆರ್ ಯು ಟಯರ್ಡ್?" ಅನ್ನುತ್ತಾನೆ, ದಣಿದಿದ್ದೀಯಾ ಅಂತ. ಕೈಲಾಗದವರನ್ನು ಊರಿಗೆ ಕಳಿಸಲು ನೋಡುತ್ತಿದ್ದಾನೆಂದು ಹೆದರಿ, ಮೂರು ತಿಂಗಳು "ನೋ ಸರ್" ಎಂದೆ. ಮೊಣಕಾಲು ನೋವು ಮುಚ್ಚಿಟ್ಟು ಎಲ್ಲರಿಗಿಂತ ಮೊದಲು ಏಣಿ ಹತ್ತಿದೆ.

ನಿನ್ನೆ ಅವನೇ ನನ್ನನ್ನು ಬದಿಗೆ ಕರೆದ. ದಿನಾ ಮಧ್ಯಾಹ್ನ "ಫುಡ್ ಫಿನಿಶ್, ಸರ್?" ಎಂದು ಯಾಕೆ ಕೇಳುತ್ತೀ, ನಾನು ಕೆಲಸ ಬಿಟ್ಟು ತಿನ್ನುತ್ತೇನೆಂದು ಆಫೀಸಿಗೆ ಹೇಳುತ್ತೀಯಾ ಎಂದ. ನಮ್ಮಲ್ಲಿ ಕ್ಷೇಮ ವಿಚಾರಿಸುವುದೇ ಹಾಗೆ ಎಂದೆ. ತನ್ನ ಊರಿನಲ್ಲಿ ದಣಿವು ಕೇಳುವುದೂ ಅದಕ್ಕೇ ಎಂದ.

ನನ್ನ ರೂಮಿನ ಅನ್ಸಾಫ್ ಊರಿನಲ್ಲಿ ರಜೆ ಮುಗಿಸಿ ಬರುವಾಗ ಅವನ ಕೈಯಲ್ಲಿ ನೋವಿನ ಎಣ್ಣೆ ಕೊಟ್ಟು ಕಳಿಸು.

ಇವತ್ತು ಬೆಳಿಗ್ಗೆ ಅಗಿಮ್ ಮತ್ತೆ ದಣಿವು ಕೇಳಿದ. "ಯೆಸ್" ಎಂದೆ. ಅಷ್ಟು ಹೇಳಿ ಸಿಮೆಂಟ್ ಚೀಲದ ಮೇಲೆ ಕುಳಿತುಬಿಟ್ಟೆ. ಅವನೂ ಪಕ್ಕದಲ್ಲಿ ಕುಳಿತ. ನಾನು "ಫುಡ್ ಫಿನಿಶ್?" ಎಂದೆ. ಯೋಚಿಸಿ, "ನೋ" ಎಂದ. ನನ್ನ ಡಬ್ಬಿಯ ಚಪಾತಿ ಇಬ್ಬರಿಗೂ ಆಯಿತು.

ಕ್ಯಾಂಪಿಗೆ ಹೋಗುವ ಬಸ್ಸು ಬಂತು, ನಿಲ್ಲಿಸುತ್ತೇನೆ.
ದೂಮಪ್ಪ