ವಂಶಾವಳಿಯಲ್ಲಿ ಇಲ್ಲದ ಮಗಳಿಂದ

ಅಪ್ಪಾಜಿ,

ಇಲ್ಲಿ ಅಮೆರಿಕದಲ್ಲಿ, ಫೇರ್‌ಫ್ಯಾಕ್ಸ್‌ನ ನಮ್ಮ ಊಟದ ಮೇಜಿನ ಮೇಲೆ ನೀವು ವಂಶಾವಳಿಯ ಪ್ರತಿ ಹರಡಿಕೊಂಡು ಕೂತಿದ್ದ ಆ ಭಾನುವಾರ ನೆನಪಿದೆಯೇ? ತಮ್ಮನೇ ಗದ್ದುಗೆಯಿಂದ ಇಳಿಸಿದ ರಜಪೂತ ರಾಜನೇ ದಕ್ಷಿಣಕ್ಕೆ ಬಂದು ಮೈಸೂರಿನ ಕಡೆ ನೆಲೆನಿಂತ ನಮ್ಮ ಮೂಲಪುರುಷ, ಅವನಿಂದ ನಿಮ್ಮವರೆಗೆ ಹನ್ನೊಂದು ತಲೆಮಾರು. ನನ್ನ ಮಗಳು ದಿಯಾ ಬಗ್ಗಿ ನೋಡಿ, "ತಾತ, ನನ್ ನೇಮ್ ಎಲ್ಲಿ?" ಎಂದಳು. ನೀವು ತಲೆಯೆತ್ತದೆ, "ನೀನು ಬೇರೆ ಮನೆಯೋಳು ಪುಟ್ಟಿ. ನಿಮ್ಮಮ್ಮನೂ ಇದ್ರಲ್ಲಿಲ್ಲ" ಎಂದಿರಿ. ಆ ಬೇರೆ ಮನೆಯ ಅನ್ನವನ್ನೇ ಆರು ವರ್ಷ ಉಂಡಿರಿ. ಕೊನೆಯ ಚಳಿಗಾಲದಲ್ಲಿ ನಿಮಗೆ ದಿನವೂ ಸ್ನಾನ ಮಾಡಿಸಿದವರು ಯಾರು? ಹೋಗಲಿ...

ನೀವು ತೀರಿಕೊಂಡ ತಿಂಗಳು, ರಾಜಸ್ಥಾನದಲ್ಲಿ ನಮ್ಮ ವಂಶದ ಮೂಲ ಪುಸ್ತಕ ಇಟ್ಟುಕೊಂಡಿರುವ ಭಟ್ಟರಿಗೆ ಸುದ್ದಿ ತಿಳಿಸಬೇಕಿತ್ತು. ಹುಟ್ಟಾಗಲಿ ಸಾವಾಗಲಿ, ಮನೆಯವರು ಹೇಳಿದರೆ ಮಾತ್ರ ಅವರು ಬರೆಯುವುದು. ಅದು ಮಗನ ಕೆಲಸವೆಂದು ಇದೇ ದೇಶದ ಇನ್ನೊಂದು ಊರು ಸುವಾನಿಯಲ್ಲಿರುವ ತಮ್ಮ ವಿಜಯನಿಗೆ ಮೂರು ಸಲ ಫೋನ್ ಮಾಡಿದೆ. "ಈ ವೀಕ್ ಫುಲ್ ಬ್ಯುಸಿ ಕಣಕ್ಕಾ, ನೀನೇ ಕಾಲ್ ಮಾಡ್ಬಿಡು" ಎಂದ, ನಿಮ್ಮ ವಂಶೋದ್ಧಾರಕ.

ವಿಡಿಯೋ ಕಾಲ್‌ನಲ್ಲಿ ಭಟ್ಟರು ಪದ್ಧತಿಯಂತೆ ಮೊದಲ ಪುಟದಿಂದ ಓದಿದರು. ರಾಜನಿಗೆ ಇದ್ದವಳು ಒಬ್ಬಳೇ ಮಗಳಂತೆ. ತಮ್ಮನ ಮಗನನ್ನು ದತ್ತು ತೆಗೆದುಕೊ ಎಂದು ಎಲ್ಲರೂ ಹಟ ಹಿಡಿದಾಗ, ಮಗಳ ಮಗನೇ ನನ್ನ ನಂತರ ಕೂರುವವನು ಎಂದನಂತೆ. ಅದಕ್ಕೇ ಅವನನ್ನು ಇಳಿಸಿದರು. ನಾವೆಲ್ಲ ಆ ಮಗಳ ಸಂತತಿ. ನಮ್ಮ ಪ್ರತಿಯಲ್ಲಿ ಇದಿಲ್ಲವಲ್ಲ ಎಂದೆ. ಭಟ್ಟರು ಸಂಕೋಚಪಡುತ್ತಲೇ ಹೇಳಿದರು, ನಕಲು ಮಾಡಿಸುವಾಗ ಆ ಸಾಲು ಬಿಟ್ಟುಬಿಡಿ ಎಂದವರು ನನ್ನ ತಂದೆಯೇ ಎಂದು. ನೀವೇ, ಅಪ್ಪಾಜಿ.

ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಗುವಿಗೆ ಹಾಗೆ... ಮಗಳನ್ನು ಬಿಡಲಾರದೆ ಆ ರಾಜ ರಾಜ್ಯವನ್ನೇ ಬಿಟ್ಟ. ನಿಮಗೆ ಒಂದು ಸಾಲು ಉಳಿಸಲು ಮನಸ್ಸಾಗಲಿಲ್ಲವೇ?

ನಿಮ್ಮ ಹೆಸರಿನ ಕೆಳಗೆ ನನ್ನದು, ನನ್ನದರ ಕೆಳಗೆ ದಿಯಾಳದು ಬರೆಯಿರಿ ಎಂದು ಭಟ್ಟರಿಗೆ ಹೇಳಿದ್ದೇನೆ. ತಮ್ಮ ಹಿರಿಯರನ್ನು ಕೇಳಬೇಕು ಎಂದಿದ್ದಾರೆ. ಕೇಳಲಿ. ಅಲ್ಲಿಯವರೆಗೆ ನೀವು ತೀರಿಕೊಂಡದ್ದನ್ನು ಬರೆಯಕೂಡದೆಂದು ತಡೆದಿದ್ದೇನೆ. ವಿಜಯನಂತೂ ಫೋನ್ ಮಾಡುವವನಲ್ಲ. ನಮ್ಮಿಬ್ಬರ ಹೆಸರು ಏರುವ ತನಕ ಆ ಪುಸ್ತಕದಲ್ಲಿ ನಿಮಗೆ ಸಾವಿಲ್ಲ, ಅಪ್ಪಾಜಿ. ಕಾಯುತ್ತಿರಿ.