ತಣ್ಣಗಿರು ತಾಯಿ

ಅಣ್ಣನಿಗೆ,

ನಿನ್ನ ಕಾಗದವನ್ನು ಆಸ್ಪತ್ರೆಗೇ ಒಯ್ದು, ಅಕ್ಕನಿಗೆ ಕೀಮೋ ಹಾಕಿದ್ದಾಗ ಓದಿ ಹೇಳಿದೆ. ಔಷಧಿ ಒಳಗಿಳಿದಂತೆಲ್ಲ ಅವಳಿಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ. ಎರಡು ಕಂಬಳಿ ಹೊದಿಸಿ, ಪಾದಗಳನ್ನು ನನ್ನ ತೊಡೆಯ ಮೇಲಿಟ್ಟು ಉಜ್ಜುತ್ತಿದ್ದೆ.

ಕಾಗದದ ಕೊನೆಯಲ್ಲಿ ನೀನು ಎಂದಿನಂತೆ ‘ತಣ್ಣಗಿರು ತಾಯಿ’ ಎಂದು ಅವಳನ್ನು ಹರಸಿದ್ದೆ. ಅದನ್ನು ಓದಲು ನನಗೆ ಬಾಯಿ ಬರಲಿಲ್ಲ. ‘ಬೆಚ್ಚಗಿರು ತಾಯಿ’ ಎಂದುಬಿಟ್ಟೆ. ಅಕ್ಕ ಕಣ್ಣು ಬಿಟ್ಟಳು.

“ದರ್ಜಿ ಬುದ್ಧಿ ಬಿಡ್ಲಿಲ್ಲ ನೋಡು, ಅಣ್ಣನ ಮಾತಿಗೂ ಕತ್ತರಿ ಹಾಕ್ದೆ! ಅವನು ತಣ್ಣಗಿರು ಅಂತ್ಲೇ ಬರೀಲಿ. ಮಾತು ಬದಲಾದ್ರೆ ನನ್ನ ಕಥೆ ಮುಗೀತು ಅಂತ ಅನ್ಸುತ್ತೆ.”

ಹಾಗಾಗಿ ನೀನು ಹಾಗೆಯೇ ಬರೆ. ಮನೆಗೆ ಬಂದ ಮೇಲೆ ಅವಳು ನಾಲ್ಕು ಮಾತಾಡುವುದರೊಳಗೆ ನಿದ್ದೆ ಹೋಗುತ್ತಾಳೆ. ಆಗ ನಾನು ಬಟ್ಟೆಯಿಲ್ಲದೆಯೇ ಹೊಲಿಗೆ ಯಂತ್ರ ತುಳಿಯುತ್ತೇನೆ, ಮನೆಯಲ್ಲಿ ಏನಾದರೂ ಸದ್ದಿರಲಿ ಎಂದು.

ಒಂದು ಕೆಲಸವಿದೆ. ನಾನು ಹೊಲಿದುಕೊಟ್ಟಿದ್ದ ನಿನ್ನ ಉಣ್ಣೆಯ ಕೋಟು ಅವಳಿಗೆ ಬೇಕು. ಎಡತೋಳಿನ ಹೊಲಿಗೆ ಬಿಚ್ಚಿ, ಸೂಜಿ ಚುಚ್ಚುವ ಕಡೆ ಗುಂಡಿ ಇಟ್ಟುಕೊಡುತ್ತೇನೆ. ಅಂಚೆಯಲ್ಲಿ ಮಾತ್ರ ಕಳಿಸಬೇಡ, ಇಲ್ಲಿಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ.

ತೊಟ್ಟುಕೊಂಡು ಬಾ.

ನಿನ್ನ ತಮ್ಮ