ಹತ್ತು ನಿಮಿಷಕ್ಕೆ ಆರುವ ಕಂಪ್ಯೂಟರ್

ತೊಕ್ಮೋಕ್
ಫೆಬ್ರವರಿ 11, 2019

ಪ್ರೀತಿಯ ಕುಬಾತ್‌ಬೇಕ್ ಅವರಿಗೆ,

ಹೇಗಿದ್ದೀರಿ? ಯೆಕತೆರಿನ್‌ಬರ್ಗಿನ ಚಳಿಗೆ ನಿಮ್ಮ ಸೊಂಟನೋವು ಮತ್ತೆ ಎದ್ದಿರಬೇಕು. "ಕೂಲಿಯವರ ಬಿಡಾರದಲ್ಲಿ ನನ್ನ ಮಗನಿಗೆ ಉಣ್ಣೆಪಟ್ಟಿ ಕಟ್ಟಿಕೊಡುವವರು ಯಾರಿದ್ದಾರೆ" ಎಂದು ಅತ್ತೆ ದಿನಕ್ಕೊಮ್ಮೆ ಹಲುಬುತ್ತಾರೆ. ಅವರು ಗಟ್ಟಿಯಾಗಿದ್ದಾರೆ, ನಾನೂ ಇದ್ದೇನೆ. ಕಂಪ್ಯೂಟರಿನ ಮಾತು ತೆಗೆದರೆ ನೀವು ಫೋನ್ ಇಟ್ಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಅಲ್ಲಿಗೆ ಹೊರಡುವ ಡ್ರೈವರ್ ಮೆದೆರನ ವ್ಯಾನಿನಲ್ಲಿ ಒಣ ಏಪ್ರಿಕಾಟ್ ಮತ್ತು ಒಣಮೊಸರಿನ ಕುರುತ್ ಉಂಡೆಗಳ ಜೊತೆ ಇದೂ ಬರುತ್ತದೆ.

ನೀವು ಕೈಯಾರೆ ಜೋಡಿಸಿಕೊಟ್ಟ ಕಂಪ್ಯೂಟರ್ ಸೆಪ್ಟೆಂಬರಿನಲ್ಲಿ ನೀವು ರಜೆ ಮುಗಿಸಿ ಮತ್ತೆ ಅಲ್ಲಿಗೆ ಹೊರಟ ವಾರದಿಂದಲೇ ಹತ್ತು ನಿಮಿಷಕ್ಕೊಮ್ಮೆ ಆರಿಹೋಗುತ್ತಿತ್ತಲ್ಲ. ಹೊಲಿಗೆ ಕಾರ್ಖಾನೆಗೆ ಬಿಡಿಸುತ್ತಿದ್ದ ಕೋಟಿನ ನಕ್ಷೆ ತೋಳಿನವರೆಗೆ ಬಂದು ಮಾಯವಾಗುತ್ತಿತ್ತು. ಫೋನಿನಲ್ಲಿ ನಿಮ್ಮ ಮುಂದೆ ಅತ್ತುಬಿಟ್ಟೆ. "ಏನೋ ಒತ್ತಿರ್ತೀಯ ಕಣೇ, ಹೆಂಗಸರ ಕೈಗೆ ಸಿಕ್ಕಿದ ಯಂತ್ರ ಉಳಿಯುತ್ತಾ?" ಎಂದು ನಕ್ಕಿರಿ. ಪ್ಲಗ್ ಬದಲಿಸು ಎಂದಿರಿ, ಬದಲಿಸಿದೆ. ವಿಂಡೋಸ್ ಹೊಸದಾಗಿ ಹಾಕಿಸು ಎಂದಿರಿ, ಮೂರು ಸಲ ಹಾಕಿಸಿದೆ. "ಕ್ಯಾಬಿನೆಟ್ ಮಾತ್ರ ಬಿಚ್ಚಬೇಡ, ಸುಟ್ಟುಹೋಗುತ್ತೆ" ಎಂದಿರಿ. ಡಿಸೆಂಬರಿನಲ್ಲಿ ಕಾರ್ಖಾನೆಯವರು ಇನ್ನು ಕಾಯಲಾಗದು ಎಂದು ಕೆಲಸವನ್ನು ಬೇರೊಬ್ಬಳಿಗೆ ಕೊಟ್ಟರು. ಮಾರನೇ ದಿನವೇ ಸ್ಕ್ರೂಡ್ರೈವರ್ ಹಿಡಿದೆ.

ಒಳಗೆಲ್ಲ ಅಂಟು ಮಸಿ. ದೃಷ್ಟಿಯಾಗಿದೆ ಎಂದು ಅತ್ತೆ ದಿನಾ ಸಂಜೆ ಆದಿರಾಶ್ಮಾನ್ ಸೊಪ್ಪಿನ ಹೊಗೆಯನ್ನು ಮನೆಗೆಲ್ಲ ಹಿಡಿದಂತೆ ಕಂಪ್ಯೂಟರ್‌ಗೂ ಹಿಡಿಯುತ್ತಿದ್ದರು. ಫ್ಯಾನ್ ಅದನ್ನೆಲ್ಲ ಎಳೆದುಕೊಂಡು ಕೂತಿತ್ತು. ನಾನು ಬಾಯಿಗೆ ಬಂದಂತೆ ಬೈದೆ. "ನಿಮ್ಮ ಹೊಗೆಯಿಂದಲೇ ನನ್ನ ಅನ್ನ ಹೋಯ್ತು" ಎಂದುಬಿಟ್ಟೆ. ಎಪ್ಪತ್ತು ದಾಟಿದ ಜೀವ, ಧೂಪದ ತಟ್ಟೆಯನ್ನು ಹಿಮದಲ್ಲಿ ಕವುಚಿ ಬಂದು ಒಲೆಯ ಹಿಂದೆ ಕೂತು ಅತ್ತಿತು. ಮಸಿಯನ್ನು ಬ್ರಷ್ಷಿನಿಂದ ತೆಗೆದೆ, ಪ್ರೊಸೆಸರ್‌ಗೆ ಹೊಸ ಪೇಸ್ಟ್ ಬಳಿದೆ, ಮೆಮೊರಿ ಪಟ್ಟಿಯ ತುದಿಯನ್ನು ರಬ್ಬರಿನಿಂದ ಉಜ್ಜಿದೆ. ಹನ್ನೊಂದನೇ ನಿಮಿಷಕ್ಕೆ ಮತ್ತೆ ಆರಿತು.

ಕೊನೆಗೆ ಅದನ್ನು ಸ್ಲೆಡ್ಜಿನ ಮೇಲೆ ಎಳೆದುಕೊಂಡು ಬಜಾರಿನ ಯೂಸುಪಣ್ಣನ ಕಂಪ್ಯೂಟರ್ ಅಂಗಡಿಗೆ ಹೋದೆ. ಅವರು ತಮ್ಮ ಪವರ್ ಸಪ್ಲೈ ಹಾಕಿ ನೋಡಿದರು, ಸಂಜೆಯವರೆಗೆ ಉಸಿರೆತ್ತದೆ ಓಡಿತು. "ತಂಗೀ, ಇದ್ರಲ್ಲಿ ಇರೋದು ಯಾವುದೋ ಆಫೀಸಲ್ಲಿ ಹತ್ತು ವರ್ಷ ಸವೆದ ಸಪ್ಲೈ. ನಿನ್ನ ಗಂಡ ನನ್ನ ಹತ್ರ ತಗೊಂಡಿದ್ದು ಇದಲ್ಲ. ಗ್ರಾಫಿಕ್ಸ್ ಕಾರ್ಡ್ ಎಲ್ಲಮ್ಮಾ? ಮೆಮೊರಿ ಎರಡು ಕೊಟ್ಟಿದ್ನಲ್ಲ?" ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ಹೊರಡುವ ಹಿಂದಿನ ದಿನ ಬಾಗಿಲು ಹಾಕಿಕೊಂಡು "ಧೂಳು ಹೊಡೀತಿದೀನಿ, ಒಳಗೆ ಬರಬೇಡ" ಎಂದವರು ನೀವು. ಚಹಾವನ್ನು ಹೊಸ್ತಿಲಲ್ಲಿಟ್ಟು ಬಂದವಳು ನಾನು.

ಕಷ್ಟಕ್ಕೆ ಮಾರಿದ್ದರೆ ಮಾರಿದೆ ಎನ್ನಿ, ಒಂದು ಮಾತೂ ಆಡುವುದಿಲ್ಲ. ಹಾಗೇ ಇರಬೇಕೆಂದು ನಂಬಿಕೊಂಡಿದ್ದೇನೆ. ಆದರೆ ಎಲ್ಲ ಗೊತ್ತಿದ್ದೂ ಮೂರು ತಿಂಗಳು ನನ್ನನ್ನು ಪ್ಲಗ್ ಬದಲಿಸುತ್ತಾ ಕೂರಿಸಿದಿರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ. ಅತ್ತೆಯ ಕಾಲು ಹಿಡಿದು ತಪ್ಪಾಯಿತೆಂದೆ. ಯಾಕೆಂದು ಹೇಳಲಿಲ್ಲ, ಅವರ ಮುಂದೆ ನಿಮ್ಮ ಮಾನ ಉಳಿಸಿದೆ.

ಅತ್ತೆಯ ಆಶೀರ್ವಾದಗಳು. ಮೈ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ
ಐಜಾರ್ಕಿನ್

ಮತ್ತೆ: ಮೆದೆರ್ ಬಾಗಿಲಲ್ಲಿ ನಿಂತಿದ್ದಾನೆ. ಡಬ್ಬಿ ಎತ್ತಿಕೊಳ್ಳುತ್ತಾ, "ಅಲ್ಲಿ ಪಾಪುಗೆ ಏನೂ ಕಳಿಸಲ್ವಾ ಅಕ್ಕಾ? ಅಣ್ಣನ ತೊಡೆ ಮೇಲೆ ಕೂತು ಕಂಪ್ಯೂಟರಲ್ಲಿ ಆಟ ಆಡ್ತಾ ಇರ್ತಾಳೆ, ಅಣ್ಣನದ್ದೇ ಮೂಗು" ಎಂದ. ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ, ಪಾಪ. ನಮಗೆ ಮಗು ಈಗಲೇ ಬೇಡ ಎಂದವರು ನೀವು. ಡಬ್ಬಿಯಿಂದ ಕುರುತ್ ತೆಗೆದಿದ್ದೇನೆ. ಏಪ್ರಿಕಾಟ್ ಮಗುವಿಗೆ, ಬೀಜ ತೆಗೆದು ಕೊಡಿ. ಗ್ರಾಫಿಕ್ಸ್ ಕಾರ್ಡ್ ಅಲ್ಲೇ ಇರಲಿ. ನೀವೂ ಅಲ್ಲೇ ಇರಿ.